ಉರಿ ಎಲ್ಲೈತಿ? : ಸ್ಟೀಮ್‌ಪಂಕ್ ಚಿತ್ರ ಬರೆಯುವುದು, ನೋಡುವುದು

(ರಾಯಬಾಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ನಮ್ಮ ಕಡೆ ವಚನ, ಜಾನಪದ, ಇಲ್ಲದಿದ್ದರೆ ಏಕೀಕರಣ. ಈ ದತ್ತಿ ಚಿತ್ರಕಲಾ ಮಾಸ್ತರರೊಬ್ಬರ ನೆನಪಿನದು. ಈಗಿನ ಹುಡುಗರು ಕಂಪ್ಯೂಟರಿನಲ್ಲಿ ಬರೆಯುವ ಚಿತ್ರಗಳ ಬಗ್ಗೆ ಮಾತಾಡಿರಿ ಎಂದು ಅವರ ಮನೆಯವರು ಹೇಳಿದರು. ಎಲ್ಲದರ ಬಗ್ಗೆಯೂ ಮಾತಾಡಹೊರಟರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಹಾಗಾಗಿ ಒಂದೇ ಬಗೆಯ ಚಿತ್ರವನ್ನು ಹಿಡಿದುಕೊಂಡಿದ್ದೇನೆ. ಅದಕ್ಕೆ ಸ್ಟೀಮ್‌ಪಂಕ್ ಎನ್ನುತ್ತಾರೆ. ನೀವೆಲ್ಲ ನೋಡಿಯೇ ಇದ್ದೀರಿ, ಹೆಸರು ಮಾತ್ರ ಗೊತ್ತಿರಲಿಕ್ಕಿಲ್ಲ: ಹಿತ್ತಾಳೆ ಬಣ್ಣದ ಹಲ್ಲುಗಾಲಿಗಳು, ತಾಮ್ರದ ಕೊಳವೆಗಳು, ರಿವೆಟ್ ಹೊಡೆದ ತಗಡು, ಹೊಗೆ ಉಗುಳುವ ವಿಮಾನ, ಕಣ್ಣಿಗೆ ದಪ್ಪ ಗಾಗಲ್, ತಲೆಗೆ ಉದ್ದನೆಯ ಸಾಹೇಬರ ಟೋಪಿ. ಪೆಟ್ರೋಲೂ ಸಿಲಿಕಾನ್ ಚಿಪ್ಪೂ ಬರದೆ ಉಗಿಯ ಕಾಲವೇ ಬೆಳೆಯುತ್ತ ಹೋಗಿದ್ದರೆ ಜಗತ್ತು ಹೇಗಿರುತ್ತಿತ್ತು ಎಂಬ ಕಲ್ಪನೆ ಇದರ ಬೇರು.

ಆ ಹೆಸರನ್ನು ಟಂಕಿಸಿದವರು ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್. 1987ರಲ್ಲಿ 'ಲೋಕಸ್' ಎಂಬ ವಿಜ್ಞಾನಕಥೆಗಳ ಪತ್ರಿಕೆಗೆ ಬರೆದ ಕಾಗದದಲ್ಲಿ, ಅರ್ಧ ತಮಾಷೆಗೆ, ತಮ್ಮ ಗೆಳೆಯರ ಕಥೆಗಳಿಗೆ ಹೀಗೆ ಹೆಸರಿಟ್ಟರು. ಮೂರು ವರ್ಷದ ಮೇಲೆ, 1990ರಲ್ಲಿ, ವಿಲಿಯಂ ಗಿಬ್ಸನ್ ಮತ್ತು ಬ್ರೂಸ್ ಸ್ಟರ್ಲಿಂಗ್ ಸೇರಿ 'ದಿ ಡಿಫರೆನ್ಸ್ ಎಂಜಿನ್' ಕಾದಂಬರಿ ಬರೆದರು. ಚಾರ್ಲ್ಸ್ ಬ್ಯಾಬೇಜ್ 19ನೇ ಶತಮಾನದಲ್ಲಿ ಯೋಜಿಸಿ ಪೂರ್ತಿ ಮಾಡಲಾಗದೆ ಹೋದ ಲೆಕ್ಕದ ಯಂತ್ರ ನಿಜಕ್ಕೂ ನಡೆದುಬಿಟ್ಟಿದ್ದರೆ ಲಂಡನ್ನಿನ ಗತಿ ಏನಾಗುತ್ತಿತ್ತು ಎಂಬುದು ಅದರ ಕಥೆ. ಹೆಸರು ಹೊಸದಾದರೂ ಸರಕು ಹಳೆಯದು. ಫ್ರಾನ್ಸಿನ ಜೂಲ್ ವರ್ನ್ ಅದಕ್ಕಿಂತ ನೂರು ವರ್ಷ ಮೊದಲೇ ಇದನ್ನೆಲ್ಲ ಬರೆದಿಟ್ಟಿದ್ದ.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಸಂಗತಿ ಇದೆ. ವರ್ನ್ ಭಾರತಕ್ಕೆ ಕಾಲಿಟ್ಟವನಲ್ಲ. ಆದರೂ 1880ರಲ್ಲಿ ಅವನು ಬರೆದ 'ದಿ ಸ್ಟೀಮ್ ಹೌಸ್' ಕಾದಂಬರಿಯಲ್ಲಿ ಒಂದು ಉಕ್ಕಿನ ಆನೆ ಎರಡು ಬಂಗಲೆಗಳನ್ನು ಎಳೆದುಕೊಂಡು ಉತ್ತರ ಭಾರತವನ್ನು ಸುತ್ತುತ್ತದೆ. ಸೊಂಡಿಲಿನಿಂದ ಹೊಗೆ, ಹೊಟ್ಟೆಯಲ್ಲಿ ಬಾಯ್ಲರು. ಅದಕ್ಕೂ ಮೊದಲಿನ ಅವನ ಪ್ರಸಿದ್ಧ ಪಾತ್ರ, ಜಲಾಂತರ್ನೌಕೆಯ ಒಡೆಯ ಕ್ಯಾಪ್ಟನ್ ನೀಮೊ ಯಾರೆಂಬುದು 1875ರ 'ದಿ ಮಿಸ್ಟೀರಿಯಸ್ ಐಲೆಂಡ್' ಕಾದಂಬರಿಯಲ್ಲಿ ಬಯಲಾಗುತ್ತದೆ. ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್. 1857ರ ದಂಗೆಯಲ್ಲಿ ಎಲ್ಲವನ್ನೂ ಕಳೆದುಕೊಂಡವನು. ಅಷ್ಟೇ ಅಲ್ಲ, ವರ್ನ್ ಅವನನ್ನು ಟಿಪ್ಪು ಸುಲ್ತಾನನ ಬಂಧುವನ್ನಾಗಿ ಮಾಡಿದ್ದಾನೆ. ವಯಸ್ಸಿನ ಲೆಕ್ಕ ಹಾಕಿದರೆ ಹೊಂದುವುದಿಲ್ಲ, ಕಾದಂಬರಿಕಾರನಿಗೆ ಅಷ್ಟು ಸಲಿಗೆ ಕೊಡಬೇಕು. ಇಂಗ್ಲಿಷರ ಮೇಲಿನ ಸಿಟ್ಟನ್ನು ಯಂತ್ರವಾಗಿ ಕಟ್ಟಿದವನು ಶ್ರೀರಂಗಪಟ್ಟಣದ ನಂಟ ಎಂದು ಒಬ್ಬ ಫ್ರೆಂಚ್ ಲೇಖಕನಿಗೆ ಏಕೆ ಹೊಳೆಯಿತು? ಟಿಪ್ಪುವಿನ ಹೆಸರು ಆಗ ಯುರೋಪಿಗೆ ಗೊತ್ತಿತ್ತು. ಅವನ ಹುಲಿಯೂ ಗೊತ್ತಿತ್ತು.

1790ರ ದಶಕದ ಆ ಮರದ ಹುಲಿ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಬಿಳಿಯನೊಬ್ಬನ ಎದೆಯೇರಿ ಕುತ್ತಿಗೆಗೆ ಬಾಯಿ ಹಾಕಿದ ಹುಲಿ. ಮಗ್ಗುಲಲ್ಲಿರುವ ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಉಬ್ಬಿ ತಗ್ಗಿ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಹೊಟ್ಟೆಯಲ್ಲೊಂದು ಪುಟ್ಟ ಆರ್ಗನ್ ಬೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯ ಜೊತೆ ಅದೂ ಹೋಯಿತು. ಅದರಲ್ಲಿ ಉಗಿಯಿಲ್ಲ, ಕೈತಿರುಗಣೆ ಇದೆ. ನನ್ನ ಮಟ್ಟಿಗೆ ಕರ್ನಾಟಕದ ಮೊದಲ ಸ್ಟೀಮ್‌ಪಂಕ್ ಕೃತಿ ಅದೇ. ಏಕೆಂದರೆ ಅಲ್ಲಿ ಯಂತ್ರ ಶೋಕಿಗಾಗಿ ಇಲ್ಲ. ಅದಕ್ಕೊಂದು ವಾದವಿದೆ. ಮತ್ತು ಹಿಡಿ ತಿರುಗಿಸಿದರೆ ಅದು ನಡೆಯುತ್ತದೆ. ಈ ಎರಡು ಮಾತು ನೆನಪಿರಲಿ, ಮುಂದೆ ಬೇಕಾಗುತ್ತವೆ.

ಈಗ ನಮ್ಮ ಊರಿಗೆ ಬರೋಣ.

ಲಂಡನ್ನಿನ ಹುಡುಗನಿಗೆ ಉಗಿಯ ಜಗತ್ತನ್ನು ಕಲ್ಪಿಸಿಕೊಳ್ಳಬೇಕು, ಮ್ಯೂಸಿಯಮ್ಮಿಗೆ ಹೋಗಿ ನೋಡಬೇಕು. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿಯ ಹುಡುಗನಿಗೆ ಆ ಕಷ್ಟವಿಲ್ಲ. ಇಲ್ಲಿ ಉಗಿಯ ಕಾಲ ಮುಗಿದೇ ಇಲ್ಲ. ಪ್ರತಿವರ್ಷ ದೀಪಾವಳಿಯ ಆಚೀಚೆ ಕಾರ್ಖಾನೆಗಳ ಬಾಯ್ಲರಿಗೆ ಪೂಜೆ ಆಗುತ್ತದೆ, ಭೋಂಗಾ ಕೂಗುತ್ತದೆ, ಹಂಗಾಮು ಸುರುವಾಗುತ್ತದೆ. ನೂರು ಟನ್ ಕಬ್ಬು ಅರೆದರೆ ಸುಮಾರು ಮೂವತ್ತು ಟನ್ ಸಿಪ್ಪೆ, ಅಂದರೆ ಬಗ್ಯಾಸ್, ಬರುತ್ತದೆ. ಅದೇ ಸಿಪ್ಪೆ ಬಾಯ್ಲರಿನ ಒಲೆಗೆ ಹೋಗುತ್ತದೆ, ನೀರು ಉಗಿಯಾಗುತ್ತದೆ, ಉಗಿ ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನಿನಿಂದ ಹೊರಬಂದ ಉಗಿ ರಸವನ್ನು ಕಾಯಿಸುತ್ತದೆ. ಹಳೆಯ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ರೋಲರುಗಳನ್ನೂ ಉಗಿಯೇ ತಿರುಗಿಸುತ್ತಿತ್ತು. ಈಗ ಹೆಚ್ಚಿನ ಕಡೆ ಮೋಟಾರು ಬಂದಿದೆ, ಆದರೆ ಆ ಮೋಟಾರಿನ ವಿದ್ಯುತ್ತೂ ಉಗಿಯ ಕೂಸೇ. ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದದ್ದು 1939ರಲ್ಲಿ. ಅಂದಿನಿಂದ ಕೃಷ್ಣೆಯ ಎರಡೂ ದಂಡೆಯಲ್ಲಿ ಎಷ್ಟು ಚಿಮಣಿಗಳೆದ್ದವೆಂಬುದು ನಿಮಗೇ ಗೊತ್ತು.

ಹಂಗಾಮಿನಲ್ಲಿ ಯಾವುದೇ ಕಾರ್ಖಾನೆಯ ಗೇಟಿನ ಮುಂದೆ ಸಂಜೆ ನಿಂತು ನೋಡಿರಿ. ಟೈರಿನ ಚಕ್ಕಡಿಗೆ ಕಟ್ಟಿದ ಎತ್ತಿನ ಜೋಡಿ, ಅದರ ಹಿಂದೆ ಎರಡು ಟ್ರೇಲರು ಎಳೆಯುವ ಟ್ರ್ಯಾಕ್ಟರ್, ಪಕ್ಕದಲ್ಲಿ ಕಂಪ್ಯೂಟರ್ ಕೂರಿಸಿದ ತೂಕದ ಕಾಟಾ, ಅದರಾಚೆ ಚಿಮಣಿ. ನೂರೈವತ್ತು ವರ್ಷಗಳ ಯಂತ್ರಗಳು ಒಂದೇ ಸಾಲಿನಲ್ಲಿ ಪಾಳಿ ಹಚ್ಚಿ ನಿಂತಿರುತ್ತವೆ. ಇದನ್ನು ಯಾವ ಕಾದಂಬರಿಕಾರನೂ ಕಲ್ಪಿಸಿಕೊಂಡಿಲ್ಲ. ಆದರೆ ಇಲ್ಲಿಯ ಹುಡುಗ ಟ್ಯಾಬ್ಲೆಟ್ ತೆಗೆದರೆ ಥೇಮ್ಸ್ ನದಿಯ ಮಂಜು ಬರೆಯುತ್ತಾನೆ. ನನ್ನ ತಕರಾರು ಇಲ್ಲಿಂದಲೇ ಸುರು.

ಚಿತ್ರ ಮತ್ತು ಯಂತ್ರ ಕೂಡಿಕೊಂಡ ಪರಂಪರೆಯೂ ನಮ್ಮ ಸುತ್ತಲೇ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು ನಾವು ಕಾರ್ಖಾನೆದಾರರೆಂದು ಬಲ್ಲೆವು. 1869ರಲ್ಲಿ ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದ್ದು ಚಿತ್ರಕಾರರಾಗಲು. ಸ್ವಲ್ಪ ಕಾಲದ ಮೇಲೆ ಅವರಿಗೆ ಕೆಲವು ಬಣ್ಣಗಳು ಸರಿಯಾಗಿ ಕಾಣುವುದಿಲ್ಲವೆಂದು ತಿಳಿಯಿತು. ಬಣ್ಣ ಬಿಟ್ಟರು, ಯಂತ್ರದ ರೇಖಾಚಿತ್ರ ಹಿಡಿದರು, ಅದನ್ನೇ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಕಲಿಸಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಸುರುವಾಯಿತು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆಂದು ರೈತರು ಮೊದಮೊದಲು ಆ ನೇಗಿಲನ್ನು ಮುಟ್ಟಲಿಲ್ಲ. ಬೆಳಗಾವಿಯ ಜಾಗ ಕೈಬಿಟ್ಟಾಗ, 1910ರಲ್ಲಿ, ಅವರಿಗೆ ನೆಲ ಕೊಟ್ಟು ಕಿರ್ಲೋಸ್ಕರವಾಡಿ ಆಗಗೊಟ್ಟವರು ಔಂಧದ ರಾಜರು. ಆ ಸಂಸ್ಥಾನದ ಭವಾನರಾವ್ ಪಂತಪ್ರತಿನಿಧಿ ಸ್ವತಃ ಕುಂಚ ಹಿಡಿದ ರಾಜ.

ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ಇದ್ದರು. ನಾಟಕದ ಪರದೆ ಬರೆಯುವವರು. ಚಲನಚಿತ್ರ ಮಾಡಬೇಕೆನಿಸಿತು, ವಿದೇಶಿ ಕ್ಯಾಮರಾಕ್ಕೆ ದುಡ್ಡಿಲ್ಲ. ಬಿಡಿಭಾಗ ಜೋಡಿಸಿ ತಾವೇ ಕ್ಯಾಮರಾ ಮಾಡಿದರು, 1918ರಲ್ಲಿ. ಅದೇ ಹೊತ್ತಿಗೆ ಮಹಾರಾಷ್ಟ್ರ ಫಿಲ್ಮ್ ಕಂಪನಿ, 1920ರಲ್ಲಿ 'ಸೈರಂಧ್ರಿ' ಚಿತ್ರ. ಪರದೆ ಬರೆದ ಕೈಯೇ ಕ್ಯಾಮರಾದ ಹಲ್ಲುಗಾಲಿ ಕೂರಿಸಿತ್ತು. ಇಂಥವರ ನೆರೆಹೊರೆಯಲ್ಲಿ ಹುಟ್ಟಿದ ನಾವು, ಯಂತ್ರ ಬೇರೆ ಚಿತ್ರ ಬೇರೆ ಎಂದು ಶಾಲೆಯಲ್ಲಿ ವಿಷಯ ಹಂಚಿಕೊಂಡು ಕೂತಿದ್ದೇವೆ.

ಇನ್ನು ಚಿತ್ರ ಬರೆಯುವ ಮಾತು. ಈ ತಾಲ್ಲೂಕಿನದೇ ಒಬ್ಬ ಹುಡುಗ, ಡಿಪ್ಲೊಮಾ ಓದುವವನು, ನನಗೊಂದು ಚಿತ್ರ ಕಳಿಸಿದ್ದ. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟ ಉಗಿಬಂಡಿ. ವಸ್ತುವಿನ ಆಯ್ಕೆಗೇ ಶಹಬ್ಬಾಸ್ ಅನ್ನಬೇಕು. ಮಾಘದ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಬಂಡಿ ಕಟ್ಟಿಕೊಂಡು ಜನ ಬರುತ್ತಾರೆ. ಎತ್ತಿನ ಬದಲು ಬಾಯ್ಲರು ಕಟ್ಟಿದರೆ ಹೇಗೆ ಎಂದು ಅವನಿಗೆ ಹೊಳೆದಿದೆ. ಫೋನಿನಲ್ಲಿ ನಡೆದ ಮಾತು ಹೀಗಿತ್ತು.

"ಏನಪಾ, ಈ ಬಂಡಿ ಯಾವುದರ ಮ್ಯಾಲ ನಡೀತೈತಿ?"

"ಸ್ಟೀಮ್ ಮ್ಯಾಲ್ರಿ ಸರ್."

"ಹಂಗಾರ ಉರಿ ಎಲ್ಲೈತಿ?"

"ಉರಿ... ಒಳಗ ಇರ್ತೈತಲ್ರಿ."

"ಬೂದಿ ಎಲ್ಲಿ ಬೀಳ್ತೈತಿ? ನೀರ ಎಲ್ಲಿ ತುಂಬತಿ? ಗಾಲಿಗೆ ಈ ಕೊಳವಿ ಯಾಕ ಬಂದೈತಿ?"

ಹುಡುಗ ಸುಮ್ಮನಾದ. ನೋಡಿದರೆ ಗಾಲಿಯ ಗುಂಬಕ್ಕೆ ನೇರವಾಗಿ ತಾಮ್ರದ ಕೊಳವೆ ಹೋಗಿ ಕೂತಿತ್ತು. ಗಾಲಿ ಒಂದು ಸುತ್ತು ತಿರುಗಿದರೆ ಕೊಳವೆ ಹೆಣೆದುಕೊಂಡು ಮುರಿಯಬೇಕು. ಉಗಿ ಗಾಲಿಗೆ ಹೋಗುವುದಿಲ್ಲ. ಉಗಿ ಸಿಲಿಂಡರಿಗೆ ಹೋಗುತ್ತದೆ, ಪಿಸ್ಟನ್ ಹಿಂದೆ ಮುಂದೆ ಆಡುತ್ತದೆ, ದಂಡ ಅದನ್ನು ಗಾಲಿಯ ಕ್ರ್ಯಾಂಕಿಗೆ ತಲುಪಿಸುತ್ತದೆ, ಆಗ ಗಾಲಿ ತಿರುಗುತ್ತದೆ. ಚಿತ್ರ ಬರೆಯುವವನು ಎಂಜಿನಿಯರ್ ಆಗಬೇಕಿಲ್ಲ. ಆದರೆ ಬಲ ಎಲ್ಲಿ ಹುಟ್ಟಿ, ಯಾವ ದಾರಿ ಹಿಡಿದು, ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಲು ಬರಬೇಕು. ಆ ದಾರಿ ಎಲ್ಲಿ ಕಡಿಯುತ್ತದೆಯೋ ಅಲ್ಲಿ ಚಿತ್ರ ಸುಳ್ಳಾಗುತ್ತದೆ. ಕಲ್ಪನೆಗೆ ಇಷ್ಟು ಕಟ್ಟು ಬೇಕೆ ಎಂದು ಕೆಲವರು ಕೇಳುತ್ತಾರೆ. ವರ್ನ್‌ನ ಆನೆ ಕಲ್ಪನೆಯೇ, ಆದರೆ ಅದಕ್ಕೆ ಕಟ್ಟಿಗೆ ಬೇಕು, ನೀರು ಬೇಕು; ಅವು ಸಿಗದ ಕಡೆ ಅದು ನಿಲ್ಲುತ್ತದೆ. ನಿಲ್ಲುವ ಭಯವಿದ್ದರೇ ಓದುಗನಿಗೆ ಅದು ನಡೆಯುವುದರಲ್ಲಿ ರುಚಿ.

ಎರಡನೆಯ ತೊಂದರೆ ಬಣ್ಣದ್ದು. ಇಡೀ ಬಂಡಿ ಹಿತ್ತಾಳೆ. ಹಿತ್ತಾಳೆಯ ಬಾಯ್ಲರು, ಹಿತ್ತಾಳೆಯ ಅಚ್ಚು, ಹಿತ್ತಾಳೆಯ ಚಿಮಣಿ. ಅದರ ಸುತ್ತ ಜನ ಅರಿಶಿನದ ಭಂಡಾರ ಎರಚುತ್ತಿದ್ದಾರೆ. ಹಳದಿಯ ಮೇಲೆ ಹಳದಿ ಬಿದ್ದು ಜಾತ್ರೆಯ ಪ್ರಾಣವೇ ಆದ ಭಂಡಾರ ಮಾಯವಾಗಿತ್ತು! ನಿಜವಾದ ಉಗಿಯಂತ್ರದಲ್ಲಿ ಭಾರ ಹೊರುವುದೆಲ್ಲ ಕಬ್ಬಿಣ, ಉಕ್ಕು. ಹಿತ್ತಾಳೆ ಇರುವುದು ನಲ್ಲಿ, ಒತ್ತಡದ ಗಡಿಯಾರ, ಸೀಟಿ, ಬೇರಿಂಗಿನಂಥ ಸಣ್ಣ ಕಡೆ. ಮೈಸೂರಿನ ರೈಲ್ವೆ ಮ್ಯೂಸಿಯಮ್ 1979ರಿಂದ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಆಗಿದೆ. ಹೋಗಿ ನೋಡಿದರೆ ಗೊತ್ತಾಗುತ್ತದೆ, ಹಳೆಯ ಎಂಜಿನ್ ಮುಖ್ಯವಾಗಿ ಕಪ್ಪು. ಆ ಕಪ್ಪಿನಲ್ಲಿ ಎಲ್ಲೋ ಒಂದು ಕಡೆ ಹಿತ್ತಾಳೆ ಹೊಳೆದರೆ ಅದಕ್ಕೆ ಬೆಲೆ. ಹುಡುಗ ಬಾಯ್ಲರನ್ನು ಕಪ್ಪು ಮಾಡಿದ, ಭಂಡಾರವೊಂದನ್ನೇ ಹೊಳೆಯುವ ಹಳದಿಯಾಗಿ ಬಿಟ್ಟ. ಚಿತ್ರ ಎದ್ದು ಕೂತಿತು.

ಬಣ್ಣಕ್ಕೆ ಮೊದಲು ಬೂದು. ಇದು ಕಿರ್ಲೋಸ್ಕರರ ದಾರಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕ್ರಿಟಾ ಇರಲಿ, ಫೋಟೋಶಾಪ್ ಇರಲಿ, ಮೊದಲ ಲೇಯರ್ ಬರೀ ಕಪ್ಪು-ಬಿಳುಪು-ಬೂದಿನಲ್ಲಿ ಇರಲಿ. ಬಣ್ಣ ಕಾಣದ ಕಣ್ಣಿಗೂ ಯಂತ್ರದ ಉಬ್ಬು ತಗ್ಗು, ಹತ್ತಿರ ದೂರ ತಿಳಿಯಬೇಕು. ಮುಗಿದ ಚಿತ್ರವನ್ನೂ ಒಮ್ಮೆ ಬಣ್ಣ ತೆಗೆದು ನೋಡಿರಿ. ಎಲ್ಲ ಒಂದೇ ಬೂದು ರಾಶಿಯಾದರೆ, ಹಿತ್ತಾಳೆಯ ಹೊಳಪು ನಿಮ್ಮನ್ನು ಮೋಸಗೊಳಿಸಿತ್ತು ಎಂದೇ ಅರ್ಥ.

ಬ್ಲೆಂಡರ್‌ನಂಥ ಮೂರು ಆಯಾಮದ ತಂತ್ರಾಂಶ ಬಳಸುವವರಿಗೆ ಇನ್ನೊಂದು ಮಾತು. ಹಿತ್ತಾಳೆ, ತಾಮ್ರದಂಥ ನುಣುಪು ಲೋಹ ಎದುರಿಗಿದ್ದದ್ದನ್ನು ತನ್ನ ಬಣ್ಣ ಬಳಿದು ತೋರಿಸುತ್ತದೆ. ಬ್ಲೆಂಡರಿನಲ್ಲಿ ಈ ಪ್ರತಿಬಿಂಬಕ್ಕಾಗಿ ಸುತ್ತಲ ಲೋಕದ ಚಿತ್ರವೊಂದನ್ನು, ಎಚ್‌ಡಿಆರ್‌ಐ ಎನ್ನುತ್ತಾರೆ, ಹಾಕಬೇಕು. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮ ಹುಡುಗ ಹಾಕಿದ್ದು ಯಾವುದೋ ಯುರೋಪಿನ ಸಭಾಂಗಣದ್ದು. ಚಿಂಚಲಿಯ ಬಯಲಿನಲ್ಲಿ ನಿಂತ ಬಂಡಿಯ ಚಿಮಣಿಯ ಮೇಲೆ ಎತ್ತರದ ಕಮಾನು ಕಿಟಕಿಗಳು ಮಿಂಚುತ್ತಿದ್ದವು! ಸಾಮಾನ್ಯ ನೋಡುಗ ಇದನ್ನು ಗುರುತಿಸಲಿಕ್ಕಿಲ್ಲ, ಆದರೆ ಏನೋ ಸರಿಯಿಲ್ಲ ಎಂದು ಅವನ ಕಣ್ಣು ಹೇಳುತ್ತದೆ. ಕೃಷ್ಣಾ ದಂಡೆಯ ಎರೆಮಣ್ಣು, ಹಸಿರು ಕಬ್ಬು, ಬೆಳ್ಳಗೆ ಉರಿಯುವ ಮಧ್ಯಾಹ್ನದ ಆಕಾಶ, ಇವು ಆ ಹಿತ್ತಾಳೆಯಲ್ಲಿ ಕಾಣಬೇಕು. ಸುತ್ತಲೂ ಫೋಟೋ ತೆಗೆದು ಹೊಲಿಯುವ ಕ್ಯಾಮರಾ ಈಗ ಮೊಬೈಲಿನಲ್ಲೇ ಇದೆ.

ಉಗಿಯನ್ನೂ ಸರಿಯಾಗಿ ನೋಡಬೇಕು. ಚಹಾದ ಅಂಗಡಿಯ ಕಿಟಲಿಯ ಬಾಯಿಯ ಹತ್ತಿರ ಗಮನಿಸಿರಿ: ಬಾಯಿಗೆ ಹತ್ತಿದಂತೆ ಒಂದಿಷ್ಟು ಜಾಗ ಖಾಲಿ, ಅದರಾಚೆ ಬಿಳಿ ಮೋಡ. ನಿಜವಾದ ಉಗಿ ಕಣ್ಣಿಗೆ ಕಾಣುವುದಿಲ್ಲ. ತಣ್ಣಗಾಗಿ ಹನಿಗಟ್ಟಿದ ಮೇಲೆ ಬಿಳಿ ಕಾಣುತ್ತದೆ. ಒತ್ತಡ ಹೆಚ್ಚಿದ್ದರೆ ಆ ಖಾಲಿ ಜಾಗ ದೊಡ್ಡದು. ನೂರಕ್ಕೆ ತೊಂಬತ್ತು ಚಿತ್ರಗಳಲ್ಲಿ ಕೊಳವೆಯ ಬಾಯಿಂದಲೇ ಹತ್ತಿಯಂತೆ ಬಿಳಿ ಸುರುಳಿ ಹೊರಡುತ್ತದೆ. ಹೊಗೆಯೂ ಉಗಿಯೂ ಬೇರೆ ಎಂಬುದೂ ಹಲವರಿಗೆ ನೆನಪಿರುವುದಿಲ್ಲ. ರಿವೆಟ್ಟುಗಳದೂ ಇದೇ ಗತಿ. ತಗಡಿಗೆ ತಗಡು ಜೋಡಿಸುವ ಅಂಚಿನಲ್ಲಿ ಮಾತ್ರ ಅವು ಸಾಲಾಗಿ ಬರುತ್ತವೆ. ನಮ್ಮ ಚಿತ್ರಕಾರರು ಅವನ್ನು ಎಲ್ಲೆಂದರಲ್ಲಿ ಚೆಲ್ಲುತ್ತಾರೆ. ಕೊಳೆಯೂ ಹಾಗೆಯೇ. ಇಂಟರ್‌ನೆಟ್ಟಿನಿಂದ ತಂದ ತುಕ್ಕಿನ ಟೆಕ್ಸ್ಚರನ್ನು ಮೈತುಂಬ ಹಾಸಬೇಡಿರಿ. ತುಕ್ಕು ನೀರು ನಿಲ್ಲುವಲ್ಲಿ ಹಿಡಿಯುತ್ತದೆ, ಎಣ್ಣೆ ತಿರುಗುವ ಕೀಲಿನಲ್ಲಿ ಒಸರುತ್ತದೆ, ಕೈ ಮುಟ್ಟುವ ಹಿಡಿಕೆ ಸವೆದು ಹೊಳೆಯುತ್ತದೆ. ಕಾರ್ಖಾನೆಯ ಮಗ್ಗುಲಿನ ಊರವರಿಗೆ ಕೇಳಿರಿ, ಚಿಮಣಿಯ ಕರಿ ಬೂದಿ ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಧೋತರದ ಮೇಲೆ ಹೇಗೆ ಕೂರುತ್ತದೆ ಎಂದು ಅವರು ಹೇಳುತ್ತಾರೆ. ಅದನ್ನು ಬರೆಯಿರಿ.

ಚರ್ಮದ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಸ್ಟೀಮ್‌ಪಂಕ್ ಪಾತ್ರಗಳು ಚರ್ಮದ ಪಟ್ಟಿ, ಬೂಟು ತೊಟ್ಟಿರುತ್ತವೆ. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಕೈಗಳಿವೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿದ್ದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಬಗೆಯ ಚಪ್ಪಲಿಯನ್ನು ಮಿಲಾನಿನ ಪ್ರದರ್ಶನಕ್ಕೆ ಹೆಸರು ಹೇಳದೆ ಇಟ್ಟು, ಗದ್ದಲವಾದ ಮೇಲೆ ಮೂಲ ಒಪ್ಪಿಕೊಂಡಿತು. ಉಗಿಬಂಡಿ ಓಡಿಸುವವನ ಕಾಲಿಗೆ ನಾವೇ ಲಂಡನ್ನಿನ ಬೂಟು ತೊಡಿಸಿದರೆ ಪ್ರಾಡಾವನ್ನು ಬಯ್ಯುವ ಬಾಯಿ ಎಲ್ಲಿಂದ ಬರಬೇಕು?

ಈಗ ವಿಮರ್ಶೆ. ನಮ್ಮಲ್ಲಿ ಡಿಜಿಟಲ್ ಚಿತ್ರಕ್ಕೆ ವಿಮರ್ಶೆ ಅಂದರೆ ಹೆಬ್ಬೆರಳು ಮತ್ತು ಬೆಂಕಿಯ ಗುರುತು. 'ಸೂಪರ್ ಬ್ರೋ'. ಇದು ಪ್ರೀತಿ, ಬೇಡವೆನ್ನುವುದಿಲ್ಲ. ಆದರೆ ಕಲಿಯುವವನಿಗೆ ಅದರಿಂದ ಏನೂ ಸಿಗುವುದಿಲ್ಲ. ಹಳೆಯ ಚಿತ್ರಕಲಾ ಮಾಸ್ತರರು ಮೂಗು, ಕಿವಿ ಎಲ್ಲಿ ತಪ್ಪಿತೆಂದು ಸೀಸದ ಕಡ್ಡಿಯಿಂದ ಗೀಟು ಹಾಕಿ ತೋರಿಸುತ್ತಿದ್ದರು. ಯಂತ್ರದ ಚಿತ್ರಕ್ಕೂ ಅದು ಬೇಕು.

ಸುಲಭದ ಪರೀಕ್ಷೆ ಹಲ್ಲುಗಾಲಿಗಳದು. ಒಂದಕ್ಕೊಂದು ಕಚ್ಚಿದ ಎರಡು ಗಾಲಿ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಮೂರು ಗಾಲಿಗಳನ್ನು ಪರಸ್ಪರ ಕಚ್ಚುವಂತೆ ತ್ರಿಕೋನವಾಗಿ ಕೂರಿಸಿದರೆ ಮೂರೂ ಗಪ್ಪನೆ ನಿಲ್ಲುತ್ತವೆ. ವರ್ತುಲದಲ್ಲಿ ಬೆಸ ಸಂಖ್ಯೆಯ ಗಾಲಿಗಳನ್ನು ಜೋಡಿಸಿದರೂ ಅದೇ ಫಲ. ಬ್ರಿಟನ್ನಿನ ಎರಡು ಪೌಂಡ್ ನಾಣ್ಯದ ಮೇಲೆ ಕೈಗಾರಿಕಾ ಕ್ರಾಂತಿಯ ಗುರುತಾಗಿ 19 ಹಲ್ಲುಗಾಲಿಗಳ ವರ್ತುಲವಿತ್ತು. ಅದು ಎಂದೂ ತಿರುಗದು! ಕೈಗಾರಿಕಾ ಕ್ರಾಂತಿ ಹುಟ್ಟಿದ ದೇಶದ ಟಂಕಸಾಲೆಗೇ ಹೀಗಾದರೆ ನಮ್ಮ ಹುಡುಗರನ್ನು ಹೆಚ್ಚು ಬಯ್ಯಲಾರೆ. ಆದರೂ ಎಣಿಸಿರಿ.

ಕೃತಕ ಬುದ್ಧಿಮತ್ತೆ ಬರೆದ ಚಿತ್ರಗಳಿಗೆ ಈ ಪರೀಕ್ಷೆ ಹೇಳಿ ಮಾಡಿಸಿದ್ದು. ಎರಡು ಸಾಲು ಬರೆದರೆ ಅದು ಕಣ್ಣು ಕೋರೈಸುವ ಉಗಿನಗರವನ್ನು ಕ್ಷಣದಲ್ಲಿ ಕೊಡುತ್ತದೆ. ಹತ್ತಿರ ಹೋದರೆ ಹಲ್ಲುಗಳು ಒಂದರೊಳಗೊಂದು ಕರಗಿರುತ್ತವೆ, ಕೊಳವೆ ಹೊರಟಲ್ಲಿಗೇ ಮರಳಿರುತ್ತದೆ, ಒತ್ತಡದ ಗಡಿಯಾರದಲ್ಲಿ ಯಾವ ಭಾಷೆಯದೂ ಅಲ್ಲದ ಅಂಕಿಗಳಿರುತ್ತವೆ. ತಂತ್ರ ಸುಧಾರಿಸುತ್ತಿದೆ, ನಾಳೆ ಹಲ್ಲುಗಳೂ ಸರಿಹೋದಾವು. ಆಗ ಎರಡನೆಯ ಪ್ರಶ್ನೆ ಕೇಳಬೇಕು, ಅದು ಇನ್ನೂ ಗಟ್ಟಿ ಪ್ರಶ್ನೆ: ಈ ಯಂತ್ರ ಯಾರದು, ಉರಿಗೆ ಹಾಕುವವರು ಯಾರು?

ಸ್ಟೀಮ್ ಎಲ್ಲರಿಗೂ ನೆನಪಿರುತ್ತದೆ, ಪಂಕ್ ಮರೆತುಹೋಗುತ್ತದೆ. ಬಂಡಾಯವಿಲ್ಲದ ಹಲ್ಲುಗಾಲಿ ಬರೀ ಗೋಡೆಯ ಅಲಂಕಾರ. ನಮ್ಮ ಭಾಗಕ್ಕೆ ರೈಲು ಹೇಗೆ ಬಂತು ನೋಡಿರಿ. 1876–78ರ ಬರ ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಯನ್ನು ನುಂಗಿ ಹಾಕಿತು. ಆಮೇಲೆ, ಬರಗಾಲದಲ್ಲಿ ಧಾನ್ಯ ಸಾಗಿಸಲೆಂದು, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕ ಮುಗಿಯುವ ಹೊತ್ತಿಗೆ ಲೋಂಡಾ, ಬೆಳಗಾವಿ, ಮೀರಜ ದಾರಿಯಲ್ಲಿ ಹೊಗೆ ಕಾಣಿಸಿತು. ಇವತ್ತು ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಎಂದು ನಾವು ಸ್ಟೇಷನ್ ಎಣಿಸುವ ದಾರಿ ಅದು. ಅದೇ ಕಾಲದಲ್ಲಿ, 1887ರಲ್ಲಿ, ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನ ಬಲದ ಮೇಲೆ ನೂಲಿನ ಗಿರಣಿ ನಡೆಯತೊಡಗಿತು. ಈ ಕಾಲವನ್ನು ಚಿತ್ರ ಮಾಡುವವನು ಎಂಜಿನ್ನಿನ ಮುಂದೆ ಸಾಹೇಬನನ್ನು ನಿಲ್ಲಿಸಿ ಟೋಪಿ ತೊಡಿಸಿದರೆ ಅರ್ಧ ಸತ್ಯ. ಹಳಿಯ ಒಡ್ಡಿಗೆ ಮಣ್ಣು ಹೊತ್ತವರು ಚೌಕಟ್ಟಿನ ಹೊರಗೆ ಉಳಿದಿದ್ದಾರೆ.

ಸಕ್ಕರೆಯ ಕಥೆಯಂತೂ ಯಾವ ಕಾದಂಬರಿಗೂ ಕಡಿಮೆಯಿಲ್ಲ. ನಮ್ಮ ಕಾರ್ಖಾನೆಗಳಲ್ಲಿ ರಸ ಇಂಗಿಸುವ ಪಾತ್ರೆಗಳು ಸಾಲಾಗಿ ಇರುತ್ತವೆ. ಮೊದಲ ಪಾತ್ರೆಯಲ್ಲಿ ರಸ ಕುದಿದಾಗ ಎದ್ದ ಉಗಿ ಎರಡನೆಯದನ್ನು ಕಾಯಿಸುತ್ತದೆ, ಅಲ್ಲಿಯ ಉಗಿ ಮೂರನೆಯದನ್ನು. ಮುಂದೆ ಮುಂದೆ ಒತ್ತಡ ಕಡಿಮೆ ಇರುವುದರಿಂದ ರಸ ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಒಂದೇ ಉರಿ, ಹಲವು ಸಲ ದುಡಿಮೆ. ಈ ಉಪಾಯಕ್ಕೆ 1843ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ನಾರ್ಬರ್ಟ್ ರಿಲ್ಯೂ, ನ್ಯೂ ಆರ್ಲಿಯನ್ಸಿನ ಕಪ್ಪು ಜನಾಂಗದ ಎಂಜಿನಿಯರ್. ಅದಕ್ಕೂ ಮೊದಲು ಅಲ್ಲಿ ಗುಲಾಮರು ಕುದಿಯುವ ರಸವನ್ನು ಉದ್ದ ಸವುಟಿನಿಂದ ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ತೋಡಿ ಹಾಕುತ್ತಿದ್ದರು, ಮೈ ಸುಟ್ಟುಕೊಳ್ಳುತ್ತಿದ್ದರು. ನಮ್ಮ ಬೆಲ್ಲದ ಗಾಣದ ಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವರಿಗೆ ಆ ಕಾವು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ತನ್ನ ಯಂತ್ರ ಕೊಂಡ ಜಮೀನುದಾರರ ಊರಿನಲ್ಲೇ ರಿಲ್ಯೂಗೆ ಮರ್ಯಾದೆಯ ಬದುಕು ಇರಲಿಲ್ಲ. ಕೊನೆಗೆ ಫ್ರಾನ್ಸಿಗೆ ಹೋದರು, ಅಲ್ಲಿ ಈಜಿಪ್ಟಿನ ಹಳೆಯ ಲಿಪಿಗಳ ಅಧ್ಯಯನ ಹಿಡಿದರು. ಹೀಗಿರುವಾಗ ಗಾಗಲ್ ತೊಟ್ಟ ಕಲ್ಪಿತ ಪ್ರಭುಗಳು ನಮಗೆ ಯಾಕೆ ಬೇಕು?

ಇಲ್ಲಿಯ ಚಿತ್ರದಲ್ಲಿ ಕಬ್ಬು ಕಡಿಯುವ ಗ್ಯಾಂಗ್ ಇರಬೇಕು. ಬೀಡ ಜಿಲ್ಲೆಯಿಂದ, ನಮ್ಮದೇ ವಿಜಯಪುರದ ಕಡೆಯಿಂದ ಹಂಗಾಮಿಗೆ ಬರುವವರು. ಹೊಲದಂಚಿನ ಗುಡಿಸಲು, ಬೆಳಗಿನ ಜಾವದ ಚಕ್ಕಡಿ, ಮೊಳಕಾಲೆತ್ತರದ ಕಬ್ಬಿನ ರವದಿಯಲ್ಲಿ ಆಡುವ ಮಕ್ಕಳು. ಆ ಬೃಹತ್ ಉಗಿಯಂತ್ರದ ಮೊದಲ ಗಾಲಿ ಅವರ ಕೈಯ ಕುಡುಗೋಲು. ಬಲದ ದಾರಿ ಅಲ್ಲಿಂದ ಸುರುವಾಗುತ್ತದೆ ಎಂದು ತೋರಿಸುವ ಒಂದು ಒಳ್ಳೆಯ ಚಿತ್ರವನ್ನು ನಾನಿನ್ನೂ ನೋಡಿಲ್ಲ. ಕಾಟಾದ ಅಂಕಿಗಳ ಮೇಲೆ ರೈತನ ಕಣ್ಣು ನೆಟ್ಟಿರುವುದನ್ನೂ ನೋಡಿಲ್ಲ. ಟಿಪ್ಪುವಿನ ಹುಲಿ ಎರಡು ನೂರು ವರ್ಷ ಮೊದಲೇ ಮಾಡಿದ್ದು ಇದನ್ನು: ಯಾರು ಯಾರ ಎದೆಯ ಮೇಲೆ ಕೂತಿದ್ದಾರೆ ಎಂದು ತೋರಿಸಿತು.

ಚಿಂಚಲಿಯ ಬಂಡಿ ಬರೆದ ಹುಡುಗನ ಎರಡನೆಯ ಚಿತ್ರ ಬಂತು. ಉರಿಯ ಬಾಗಿಲು ತೆರೆದಿದೆ, ಅದರ ಕೆಂಪು ಬೆಳಕಿನಲ್ಲಿ ಸೆರಗು ಬಿಗಿದ ಒಬ್ಬ ಹೆಣ್ಣುಮಗಳು ಬಗ್ಯಾಸ್ ತುರುಕುತ್ತಿದ್ದಾಳೆ. ಗಾಲಿಗೆ ದಂಡ ಬಂದಿದೆ. ಬೂದಿಯ ತಟ್ಟೆ ಮಾತ್ರ ಇನ್ನೂ ಇಲ್ಲ, ಅದನ್ನು ಹೇಳಿದ್ದೇನೆ. ಆ ಹೆಣ್ಣುಮಗಳ ಮುಖ ಸಿನಿಮಾದ ನಾಯಕಿಯಂತೆ ನುಣ್ಣಗಿದೆ, ಅದನ್ನೂ ಹೇಳಿದ್ದೇನೆ. ಚಿತ್ರ ಒಳ್ಳೆಯದು, ಇನ್ನೂ ಒಳ್ಳೆಯದಾಗುತ್ತದೆ.

ಕೊನೆಗೆ ವಿದ್ಯಾರ್ಥಿಗಳಲ್ಲೂ ಶಿಕ್ಷಕರಲ್ಲೂ ಒಂದು ವಿನಂತಿ. ನಿಮ್ಮ ಊರಿನ ಹಿಟ್ಟಿನ ಗಿರಣಿಯಲ್ಲಿ, ಬಾವಿಯ ದಂಡೆಯಲ್ಲಿ, ಹಳೆಯ ಗಾಣದ ಮನೆಯಲ್ಲಿ ದೊಡ್ಡ ಗಾಲಿಯ ಎಂಜಿನ್ನುಗಳು ಇನ್ನೂ ಅಲ್ಲಲ್ಲಿ ಬಿದ್ದಿವೆ. ಹೊಗೆಕೊಳವೆಯ ತುದಿಗೆ ಸೀಟಿ ಕೂರಿಸಿ ಗಿರಣಿ ಸುರುವಾಗಿದೆಯೆಂದು ಊರಿಗೆ ಸಾರುತ್ತಿದ್ದ ಎಂಜಿನ್ನುಗಳು ಅವು. ಕಬ್ಬಿಣದ ರೇಟು ಏರಿದಾಗಲೆಲ್ಲ ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಮಾಲಕರ ಪರವಾನಗಿ ಕೇಳಿ ಅವುಗಳ ನಾಲ್ಕೂ ಕಡೆಯ ಫೋಟೋ ತೆಗೆಯಿರಿ, ಟೇಪು ಹಿಡಿದು ಗಾಲಿಯ ಅಳತೆ ಬರೆದುಕೊಳ್ಳಿರಿ, ಅವನ್ನು ನಡೆಸಿದ ಹಿರಿಯರಿಂದ ಯಾವ ಭಾಗಕ್ಕೆ ಏನು ಹೆಸರೆಂದು ಕೇಳಿ ದಾಖಲಿಸಿರಿ. ಶಾಲೆಯ ಕಂಪ್ಯೂಟರಿನಲ್ಲಿ ಅದಕ್ಕೊಂದು ಫೋಲ್ಡರ್ ಇರಲಿ. ಈ ಬೇಸಿಗೆಯ ರಜೆಯಲ್ಲೇ ಸುರು ಮಾಡಿರಿ. ಮುಂದಿನ ವರ್ಷದ ಇದೇ ದತ್ತಿಯ ಕಾರ್ಯಕ್ರಮಕ್ಕೆ ಉಪನ್ಯಾಸಕರನ್ನು ಹುಡುಕುವ ಬದಲು ಆ ಚಿತ್ರಗಳ ಪ್ರದರ್ಶನವನ್ನೇ ಇಡಬಹುದು.